ಕಾರಿನ ಕೆಳಗೆ ಆಯಿಲ್: ಹನಿ ಬಿದ್ದ ಜಾಗ ಬೇರೆ, ಸೋರೋ ಜಾಗ ಬೇರೆ

ಕಾರಿನ ಕೆಳಗೆ ಆಯಿಲ್ ಬಿದ್ದೈತೆ ಅಂದ್ರೆ ಮೊದ್ಲು ತಲೆಯಲ್ಲಿ ಇಟ್ಕೋಬೇಕಾದ ಮಾತು ಒಂದೇ, ಹನಿ ಎಲ್ಲಿ ಬಿದ್ದೈತೋ ಅದರ ನೇರ ಮೇಲೇನೇ ಲೀಕೇಜ್ ಇರ್ತೈತೆ ಅನ್ಕೊಂಡ್ರೆ ಬಹಳ ಸಲ ಮೋಸ ಹೋಗ್ತೀರಿ. ನಮ್ಮ ಕಡೆ ಮಾಳಿಗೆ ಮನೆ ಸೋರೋದು ನೋಡಿದೋರಿಗೆ ಇದನ್ನ ಬಿಡಿಸಿ ಹೇಳೋದೇ ಬ್ಯಾಡ, ಮಳೆ ನೀರು ಒಳಗೆ ಇಳಿಯೋದು ಗೋಡೆ ಹತ್ರ, ತೊಲೆ ಹಿಡ್ಕೊಂಡು ಬಂದು ತೊಟ್ಟಿಕ್ಕೋದು ನಡುಮನೆಯಲ್ಲಿ. ಇಂಜಿನ್ ಮೇಲ್ಗಡೆ ಮುಚ್ಚಳ, ಅಂದ್ರೆ ಟ್ಯಾಪೆಟ್ ಕವರ್ ಹತ್ರ ಜಿನುಗಿದ ಆಯಿಲ್ಲು ಬ್ಲಾಕ್ ಮೇಲೆ ಹರಿದು, ಬೋಲ್ಟುಗಳ ಸಂದಿ ಹಿಡ್ಕೊಂಡು, ಕೊನೆಗೆ ಇಂಜಿನ್ನು ಗೇರ್‌ಬಾಕ್ಸ್ ಸೇರೋ ಜಾಗಕ್ಕೆ ಬಂದು ಅಲ್ಲಿಂದ ತೊಟ್ಟಿಕ್ತೈತೆ. ಕೆಳಗೆ ಬಗ್ಗಿ ನೋಡಿದೋನು "ಗೇರ್‌ಬಾಕ್ಸ್ ಇಳಿಸ್ಬೇಕು ಸಾರ್, ಕ್ರ್ಯಾಂಕ್ ಸೀಲ್ ಹೋಗೈತೆ" ಅಂತಾನೆ (ಇಂಜಿನ್ ಒಳಗೆ ತಿರುಗೋ ಕ್ರ್ಯಾಂಕ್ ಶಾಫ್ಟಿನ ಸುತ್ತ ಆಯಿಲ್ ತಡೆಯೋ ರಬ್ಬರ್ ಸೀಲು ಅದು), ನಾವೂ ಹೂಂ ಅಂತೀವಿ, ಸಾವಿರಗಟ್ಲೆ ಕೂಲಿ ಕೊಟ್ಟು ಬಂದು ವಾರ ಬಿಟ್ಟು ನೋಡಿದ್ರೆ ಅದೇ ಜಾಗದಿಂದ ಮತ್ತೆ ಹನಿ. ಕವರಿನ ಅಡಿಗೆ ಹಾಕೋ ಅಗ್ಗದ ರಬ್ಬರ್ ಪ್ಯಾಕಿಂಗಲ್ಲಿ ಮುಗಿಯೋ ಕೆಲಸ ಗೇರ್‌ಬಾಕ್ಸ್ ಇಳಿಸೋವರೆಗೂ ಹೋಗೋದು ಹಿಂಗೇನೇ. ಎಲ್ಲಾ ಮೇಸ್ತ್ರಿಗಳೂ ಹಂಗೆ ಅಂತಲ್ಲ, ಒಳ್ಳೇ ಮೇಸ್ತ್ರಿ ಇದ್ರೆ ಮೊದ್ಲು "ತೊಳ್ಸಿಕೊಂಡು ಬರ್ರಿ, ಆಮೇಲೆ ನೋಡೋಣು" ಅಂತಾನೆ. ಆ ಮಾತು ಹೇಳಿದೋನನ್ನ ನೀವು ನಂಬಬೋದು.

ಅದಕ್ಕೂ ಮುಂಚೆ ಬಿದ್ದಿರೋದು ಆಯಿಲ್ಲೇನಾ ಅಂತ ನೋಡ್ರಿ. ನಗಬ್ಯಾಡ್ರಿ, ಎಸಿ ನೀರು ನೋಡಿ ಗ್ಯಾರೇಜಿಗೆ ಓಡಿದೋರು ಬೇಕಾದಷ್ಟು ಜನ ಅದಾರೆ. ಎಸಿ ಹಾಕ್ಕೊಂಡು ಓಡಾಡಿ ಗಾಡಿ ನಿಲ್ಸಿದ್ರೆ ಮುಂದಿನ ಸೀಟಲ್ಲಿ ಕಾಲಿಡೋ ಜಾಗದ ಕೆಳಗೆ ನೀರು ಬೀಳೋದು ಮಾಮೂಲಿ, ಬೀಳದೇ ಇದ್ರೇನೇ ಪೈಪ್ ಕಟ್ಟೈತೇನೋ ಅಂತ ಯೋಚನೆ ಮಾಡ್ಬೇಕು. ಆದ್ರೆ ನಮ್ಮ ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು ಗಾಡಿ ತಳದಲ್ಲೆಲ್ಲಾ ಕೂತಿರ್ತೈತಲ್ಲ, ಆ ನೀರು ಧೂಳು ತೊಳ್ಕೊಂಡು ಕೆಳಗೆ ಬೀಳೋ ಹೊತ್ತಿಗೆ ತುಕ್ಕಿನ ಬಣ್ಣಕ್ಕೆ ತಿರುಗಿರ್ತೈತೆ, ಕಲೆ ಒಣಗಿದ ಮೇಲೆ ನೋಡಿದೋರಿಗೆ ಇದ್ಯಾವ್ದೋ ಆಯಿಲ್ಲು ಅನ್ಸೋದು ಸಹಜ. ಹಂಗೇ ಇಂಜಿನ್ ಆಯಿಲ್ಲಿಗೂ ಈ ಧೂಳು ಸೇರಿದ್ರೆ ಕೆಂಚಗೆ ಕಾಣ್ತೈತೆ, ಅದನ್ನ ನೋಡಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕೆಂಪು ಆಯಿಲ್ ಅಂತ ಹೆದರಿಕೊಳ್ಳೋರೂ ಅದಾರೆ. ಬಣ್ಣ ಒಂದನ್ನೇ ನಂಬ್ಕೊಂಡು ಕೂಡಬ್ಯಾಡ್ರಿ.

ಒಂದು ಬಿಳಿ ಹಾಳೆ ಅಥವಾ ರಟ್ಟಿನ ತುಂಡು ರಾತ್ರಿ ಕೆಳಗೆ ಹಾಸಿ, ಬೆಳಿಗ್ಗೆ ತೆಗೆದು ಮೂಸಿ, ಬೆರಳಿಗೆ ಹಚ್ಚಿ ನೋಡ್ರಿ. ಇಂಜಿನ್ ಆಯಿಲ್ ಪೆಟ್ರೋಲ್ ಗಾಡಿಯಲ್ಲಿ ಹೊಸದಿದ್ದಾಗ ಜೇನಿನ ಬಣ್ಣ, ಬರ್ತಾ ಬರ್ತಾ ಕಂದು, ಡೀಸೆಲ್ ಗಾಡಿಯಲ್ಲಂತೂ ಹಾಕಿದ ಸ್ವಲ್ಪ ದಿನಕ್ಕೇ ಮಸಿ, ಅದು ಕಪ್ಪಾಯ್ತು ಅಂದ್ರೆ ಕೆಟ್ಟೈತೆ ಅಂತ ಅರ್ಥ ಅಲ್ಲ. ಗೇರ್ ಆಯಿಲ್ ಇನ್ನೂ ದಪ್ಪ, ಮೂಗು ಮುಚ್ಕೊಳ್ಳಂಗೆ ಗಂಧಕದ ವಾಸನೆ, ಒಂದ್ಸಲ ಮೂಸಿದ್ರೆ ಮರೆಯಂಗಿಲ್ಲ. ಕೂಲೆಂಟು ಹಸಿರೋ ಗುಲಾಬಿಯೋ ನೀಲಿನೋ ಇರ್ತೈತೆ, ಸಿಹಿ ವಾಸನೆ, ಆದ್ರೆ ವಿಷ ಅದು, ನಾಯಿ ಬೆಕ್ಕು ನೆಕ್ಕದಂಗೆ, ಹುಡುಗ್ರು ಮುಟ್ಟದಂಗೆ ತಕ್ಷಣ ತೊಳೀರಿ. ರೇಡಿಯೇಟರಿಗೆ ಬರೀ ನಲ್ಲಿ ನೀರು ತುಂಬೋ ಅಭ್ಯಾಸ ಇದ್ದೋರ ಗಾಡಿಯಲ್ಲಿ ಈ ಬಣ್ಣ ವಾಸನೆ ಎರಡೂ ಇರಲ್ಲ, ಬರೀ ನೀರು ಬಿದ್ದಂಗೇ ಕಾಣ್ತೈತೆ, ಹಂಗಾಗಿ ಎಸಿ ನೀರು ಅಂತ ಸುಮ್ನಾಗೋ ಮುಂಚೆ ಕೂಲೆಂಟ್ ಡಬ್ಬಿ ಮಟ್ಟ ಒಂದ್ಸಲ ನೋಡ್ಕೊಳ್ರಿ. ಇನ್ನು ಬ್ರೇಕ್ ಆಯಿಲ್, ತೆಳ್ಳಗೆ, ತಿಳಿ ಹಳದಿ, ಚಕ್ರದ ಒಳಮಗ್ಗುಲಲ್ಲೋ ಬ್ರೇಕ್ ಪೆಡಲ್ ಕಡೆಯಲ್ಲೋ ಇಳಿದಿದ್ರೆ ಗಾಡಿ ಅಲ್ಲಿಂದ ತೆಗೀಬ್ಯಾಡ್ರಿ, ಮೇಸ್ತ್ರೀನ ಮನೆಗೇ ಕರಿಸ್ರಿ. ಯಾವ್ದು ಅಂತ ಅನುಮಾನ ಬಂದ್ರೆ ಒಂದು ಲೋಟ ನೀರಿಗೆ ಆ ಹನಿ ಬಿಡ್ರಿ, ಬ್ರೇಕ್ ಆಯಿಲ್ಲು ಕೂಲೆಂಟು ನೀರಲ್ಲಿ ಕರಗ್ತಾವೆ, ಇಂಜಿನ್ ಆಯಿಲ್ ಗೇರ್ ಆಯಿಲ್ ಮೇಲೆ ತೇಲ್ತಾವೆ. ಸ್ಟೇರಿಂಗ್ ಆಯಿಲ್ ವಿಷಯ ಈಗಿನ ಸಣ್ಣ ಕಾರಿನೋರು ತಲೆ ಕೆಡಿಸ್ಕೊಳ್ಳೋದು ಬ್ಯಾಡ, ಹೆಚ್ಚಿನವು ಕರೆಂಟಿನ ಸ್ಟೇರಿಂಗು, ಅದರಲ್ಲಿ ಆಯಿಲ್ಲೇ ಇರಲ್ಲ. ಹಳೇ ಬೊಲೆರೋ, ಹಳೇ ಇನ್ನೋವಾ ಥರದ ಗಾಡಿಯೋರು ಅದರ ಡಬ್ಬಿನೂ ನೋಡ್ಬೇಕು.

ಇಂಜಿನ್ ಆಯಿಲ್ಲೇ ಅಂತ ಖಾತ್ರಿ ಆಯ್ತು ಅನ್ಕೊಳ್ರಿ. ಈಗ ಎಷ್ಟು ಹೋಗ್ತೈತೆ ಅನ್ನೋ ಪ್ರಶ್ನೆ. ಇಲ್ಲಿ ನೆಲದ ಮೇಲಿನ ಕಲೆ ನೋಡಿ ಅಂದಾಜು ಹಾಕಬಾರ್ದು, ಯಾಕಂದ್ರೆ ಆಯಿಲ್ ಹರಡ್ಕೊಳ್ಳೋ ವಸ್ತು, ಕಡಪಾ ಕಲ್ಲಿನ ಮೇಲೆ ಮೂರು ಹನಿ ಬಿದ್ರೂ ಅಂಗೈ ಅಗಲ ಕಾಣ್ತೈತೆ. 1 ಎಂಎಲ್ ಆಗ್ಬೇಕಂದ್ರೆ ಹೆಚ್ಚು ಕಮ್ಮಿ 20-30 ಹನಿ ಬೇಕು, ರಾತ್ರಿ ಪೂರ್ತಿ ಹತ್ತು ಹನಿ ಬಿದ್ರೂ ಅರ್ಧ ಎಂಎಲ್ ದಾಟಲ್ಲ. ಅದನ್ನ ಕೇಳಿ ಸಮಾಧಾನ ಮಾಡ್ಕೊಳ್ಳಂಗೂ ಇಲ್ಲ, ನಿಂತಾಗ ಎರಡೇ ಹನಿ ಹಾಕೋ ಗಾಡಿ ಓಡುವಾಗ ಎಷ್ಟು ಚೆಲ್ತೈತೆ ಅನ್ನೋದು ನಿಮ್ಮ ಅಂಗಳಕ್ಕೆ ಗೊತ್ತಾಗಲ್ಲ, ಅದು ಹೊಸಪೇಟೆ ರೋಡಿಗೆ ಗೊತ್ತು. ಲೆಕ್ಕ ಹೇಳೋದು ಡಿಪ್‌ಸ್ಟಿಕ್, ಅಂದ್ರೆ ಇಂಜಿನ್ನಲ್ಲಿ ಆಯಿಲ್ ಮಟ್ಟ ನೋಡೋ ಕಡ್ಡಿ ಒಂದೇ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಪೂರ್ತಿ ಒಳಗೆ ಹಾಕಿ ತೆಗೀರಿ. ಮೊದಲ್ನೇ ಸಲ ತೆಗೆದಾಗ ಕಾಣೋ ಮಟ್ಟ ಸುಳ್ಳು, ಪೈಪಿನ ಗೋಡೆಗೆ ಸವರಿದ ಆಯಿಲ್ಲು ಅದು. ಸಾಮಾನ್ಯ ಕಾರಲ್ಲಿ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಹೆಚ್ಚು ಕಮ್ಮಿ 1 ಲೀಟರ್ ವ್ಯತ್ಯಾಸ. ಸಣ್ಣ ಪೆಟ್ರೋಲ್ ಕಾರಿನ ಇಂಜಿನ್ನಲ್ಲಿ ಇರೋದೇ ಮೂರು ಮೂರೂವರೆ ಲೀಟರ್ ಆಯಿಲ್ಲು, ಅದರಲ್ಲಿ ಒಂದು ಲೀಟರ್ ಹೋಯ್ತು ಅಂದ್ರೆ ಸಣ್ಣ ಮಾತಲ್ಲ. ಮಟ್ಟ ಎಲ್ಲಿತ್ತು, ಮೀಟರ್ ಎಷ್ಟಿತ್ತು ಅಂತ ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಂಡು ಇಟ್ರೆ 500 ಕಿಮೀ ಆದ್ಮೇಲೆ ಸತ್ಯ ಗೊತ್ತಾಗ್ತೈತೆ.

ಮಟ್ಟ ಇಳಿದೈತೆ ಆದ್ರೆ ಕೆಳಗೆ ಕಲೆನೂ ಇಲ್ಲ, ಇಂಜಿನ್ ತಳದಲ್ಲಿ ಜಿಡ್ಡೂ ಇಲ್ಲ ಅಂದ್ರೆ ಆಯಿಲ್ ಒಳಗೇ ಉರೀತಿರಬೋದು, ಹಿಂದೆ ನೀಲಿ ಹೊಗೆ ಬರ್ತೈತಾ ನೋಡ್ರಿ, ಅದು ಬೇರೆ ಕಥೆ. ಡ್ಯಾಶ್‌ಬೋರ್ಡಲ್ಲಿ ಆಯಿಲ್ ಕ್ಯಾನಿನ ಕೆಂಪು ಲೈಟ್ ಹತ್ತಿದ್ರೆ ಮಾತ್ರ ಮನೆ ಹತ್ರ ಐತೆ, ಹೆಂಗೋ ಮುಟ್ಟಿಸ್ತೀನಿ ಅಂತ ಓಡಿಸೋಕೆ ಹೋಗಬ್ಯಾಡ್ರಿ. ಆ ಲೈಟು ಆಯಿಲ್ ಕಮ್ಮಿ ಆಗ್ತಾ ಐತೆ ಅಂತ ಹೇಳೋದಲ್ಲ, ಒತ್ತಡ ಈಗಾಗ್ಲೇ ಹೋಗೈತೆ ಅಂತ ಹೇಳೋದು, ಬೇರಿಂಗು ಸೀಜ್ ಆಗೋಕೆ ನಿಮಿಷಗಳು ಸಾಕು.

ಈಗ ಅಸಲಿ ಕೆಲಸ, ಹುಡುಕೋದು. ಇದಕ್ಕೆ ಮೊದ್ಲು ಇಂಜಿನ್ನಲ್ಲಿ ಆಯಿಲ್ ಹೆಂಗೆ ತಿರುಗ್ತೈತೆ ಅಂತ ಸ್ವಲ್ಪ ಗೊತ್ತಿರ್ಬೇಕು. ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಚೇಂಬರಿನಿಂದ ಪಂಪು ಆಯಿಲ್ ಎಳ್ಕೊಂಡು ಫಿಲ್ಟರ್ ಮೂಲಕ ಒತ್ತಡದಿಂದ ಮೇಲಕ್ಕೆ ತಳ್ತೈತೆ, ಮೇಲೆ ಹೋದ ಆಯಿಲ್ಲು ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ಎಲ್ಲಾ ನೆನೆಸಿ ತಾನಾಗೇ ಕೆಳಗೆ ಇಳಿದು ಚೇಂಬರಿಗೆ ಬರ್ತೈತೆ. ಅಂದ್ರೆ ಒಂದು ಭಾಗ ಒತ್ತಡದ ದಾರಿ, ಇನ್ನೊಂದು ಭಾಗ ಬರೀ ಇಳಿಜಾರಿನ ದಾರಿ. ಫಿಲ್ಟರು, ಆಯಿಲ್ ಪ್ರೆಶರ್ ಸ್ವಿಚ್ಚು, ಆಯಿಲ್ ಕೂಲರು, ಟರ್ಬೋಗೆ ಹೋಗೋ ಪೈಪು ಒತ್ತಡದ ದಾರಿಯವು, ಇಲ್ಲಿ ತೂತಾದ್ರೆ ಇಂಜಿನ್ ಓಡುವಾಗ ಜೋರಾಗಿ ಚೆಲ್ಲಿ ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ನಿಂತು ಹೋಗ್ತೈತೆ. ಟ್ಯಾಪೆಟ್ ಕವರ್, ಚೇಂಬರ್ ಪ್ಯಾಕಿಂಗ್, ಡ್ರೈನ್ ಬೋಲ್ಟು ಇವೆಲ್ಲಾ ಇಳಿಜಾರಿನ ದಾರಿಯವು, ಟ್ಯಾಪೆಟ್ ಕವರಿಂದು ನಿಂತ ಮೇಲೂ ಸ್ವಲ್ಪ ಹೊತ್ತು ತೊಟ್ಟಿಕ್ತೈತೆ, ಚೇಂಬರ್ ಕಡೆಯವು ತೊಟ್ಟಿಕ್ತಾನೇ ಇರ್ತಾವೆ. ಈ ಒಂದು ವ್ಯತ್ಯಾಸ ಗೊತ್ತಿದ್ರೆ ಅರ್ಧ ಹುಡುಕಾಟ ಮುಗೀತು. ಒಂದು ರಟ್ಟು ಹಾಸಿ ಇಂಜಿನ್ ಹಂಗೇ ಆನ್ ಇಟ್ಟು ಕಾಲು ಗಂಟೆ ಬಿಡ್ರಿ, ಆಮೇಲೆ ಬೇರೆ ರಟ್ಟು ಹಾಸಿ ರಾತ್ರಿ ಪೂರ್ತಿ ಬಿಡ್ರಿ, ರಟ್ಟಿನ ಮೇಲೆ ನಾಲ್ಕೂ ಚಕ್ರ ಎಲ್ಲಿದ್ವು ಅಂತ ಪೆನ್ನಲ್ಲಿ ಗುರುತು ಹಾಕ್ಕೊಳ್ರಿ, ಎರಡನ್ನೂ ಪಕ್ಕ ಇಟ್ಟು ನೋಡಿದ್ರೆ ಯಾವ ಥರ ಲೀಕೇಜ್ ಅಂತ ಸುಮಾರಾಗಿ ತಿಳೀತೈತೆ.

ಆಮೇಲೆ ತೊಳೆಯೋದು. ಇದನ್ನ ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ನಮ್ಮ ಕಡೆ ಗಾಡಿಗಳ ಇಂಜಿನ್ ತಳ ನೋಡಿದೋರಿಗೆ ಗೊತ್ತಿರ್ತೈತೆ, ಆಯಿಲ್ಲಿಗೆ ಅದಿರಿನ ಧೂಳು ಕೂತು ಕೂತು ಕೆಂಪು ಲೇಪ ಆಗಿರ್ತೈತೆ, ಸಿಂಧನೂರು ಗಂಗಾವತಿ ಕಡೆ ಗಾಡಿ ಆದ್ರೆ ಎರೆಮಣ್ಣಿನ ಕರಿ ಲೇಪ, ಕಲ್ಲಿದ್ದಲು ಕರೆಂಟ್ ಸ್ಥಾವರ ಇರೋ ಶಕ್ತಿನಗರದ ಕಡೆ ಹಾರುಬೂದಿ. ಈ ಲೇಪ ಕೆರೆದ್ರೆ ಬೆರಳುಗುರು ದಪ್ಪ ಬರ್ತೈತೆ, ಇದರ ಒಳಗೆ ಹೊಸ ಲೀಕೇಜ್ ಯಾವ್ದು ಹಳೇದ್ಯಾವ್ದು ಅಂತ ದೇವರಿಗೂ ಗೊತ್ತಾಗಲ್ಲ. ಆದ್ರೆ ತೊಳೆಯೋ ಮುಂಚೆ ಒಂದ್ಸಲ ಟಾರ್ಚ್ ಬಿಟ್ಟು ಚೆನ್ನಾಗಿ ನೋಡ್ರಿ, ಯಾಕಂದ್ರೆ ಈ ಧೂಳೇ ನಮಗೆ ಒಂದು ಸುಳಿವು ಕೊಡ್ತೈತೆ. ಧೂಳು ಕೂತು ಮ್ಯಾಟ್ ಆಗಿ ಒಣಗಿದಂಗೆ ಇದ್ರೆ ಅದು ಹಳೇ ಜಿನುಗು, ನಿಧಾನಕ್ಕೆ ಬರ್ತಿರೋದು. ಧೂಳನ್ನ ತೊಳ್ಕೊಂಡು ಹೊಳೀತಾ ಒಂದು ಗೆರೆ ಕೆಳಗೆ ಇಳಿದಿದ್ರೆ ಅದು ಈಗ ಹರೀತಿರೋ ಆಯಿಲ್ಲು. ಆ ಗೆರೆ ಹಿಡ್ಕೊಂಡು ಮೇಲಕ್ಕೆ ಹೋಗ್ರಿ. ಬಳ್ಳಾರಿ ಧೂಳಿಗೆ ನಾವು ಬಯ್ಯೋದು ಬೇಕಾದಷ್ಟು ಐತೆ, ಇದೊಂದು ವಿಷಯಕ್ಕೆ ಮಾತ್ರ ಉಪಕಾರಿ.

ತೊಳೆಯೋದಕ್ಕೆ ಇಂಜಿನ್ ಪೂರ್ತಿ ತಣ್ಣಗಾಗಿರ್ಬೇಕು, ಸುಡೋ ಸೈಲೆನ್ಸರಿಗೆ ತಣ್ಣೀರು ಹೊಡೆದ್ರೆ ಸೀಳು ಬಿಡಬೋದು. ಡೈನಮೋ, ಫ್ಯೂಸ್ ಬಾಕ್ಸ್, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ರಿ. ಗ್ರೀಸ್ ಬಿಡಿಸೋ ಸ್ಪ್ರೇ ಸಿಗ್ತೈತೆ, ಹೊಡೆದು ಬ್ರಷ್ಷಲ್ಲಿ ತಿಕ್ಕಿ ಕಮ್ಮಿ ಪ್ರೆಶರಿನ ನೀರಲ್ಲಿ ತೊಳೀರಿ. ಡೀಸೆಲ್ ಹೊಡೆದು ತೊಳೆಯೋದು ನಮ್ಮ ಸರ್ವಿಸಿಂಗ್ ಅಂಗಡಿಗಳಲ್ಲಿ ಹಳೇ ಪದ್ಧತಿ, ಕೊಳೆ ಬಿಡ್ತೈತೆ ಹೌದು ಆದ್ರೆ ರಬ್ಬರ್ ಪೈಪು ಬೆಲ್ಟಿಗೆ ಒಳ್ಳೇದಲ್ಲ, ಸಂದಿಯಲ್ಲಿ ಉಳಿದ ಡೀಸೆಲ್ಲೂ ಎರಡು ದಿನ ತೊಟ್ಟಿಕ್ಕಿ ನಿಮ್ಮನ್ನ ದಾರಿ ತಪ್ಪಿಸ್ತೈತೆ. ಒಣಗಿದ ಮೇಲೆ ಅನುಮಾನ ಇರೋ ಕಡೆಗೆಲ್ಲಾ ಮೈಗೆ ಹಾಕೋ ಪೌಡರ್ ಉದುರಿಸಿ ಹತ್ತು ಹದಿನೈದು ಕಿಮೀ ಓಡಿಸ್ಕೊಂಡು ಬರ್ರಿ, ಬರೀ ಊರೊಳಗೆ ಸುತ್ತಿದ್ರೆ ಸಾಲಲ್ಲ, ಇಂಜಿನ್ ಚೆನ್ನಾಗಿ ಬಿಸಿ ಆಗ್ಬೇಕು, ಕೆಲವು ಲೀಕೇಜ್ ಆಯಿಲ್ ಬಿಸಿಯಾಗಿ ತೆಳ್ಳಗಾದ್ರೇನೇ ಹೊರಗೆ ಬರೋದು. ವಾಪಸ್ ಬಂದು ನೋಡಿದ್ರೆ ಬಿಳಿ ಪೌಡರ್ ಮೇಲೆ ಕಂದು ಗೆರೆ ಎದ್ದು ಕಾಣ್ತೈತೆ. ಇದಕ್ಕೂ ಸಿಗದೇ ಇದ್ರೆ ಯುವಿ ಡೈ ಅಂತ ಹೊಳೆಯೋ ಬಣ್ಣ ಬರ್ತೈತೆ, ಸ್ವಲ್ಪ ಆಯಿಲ್ಲಲ್ಲಿ ಬೆರೆಸಿ ಓಡಿಸಿ ನೇರಳೆ ಟಾರ್ಚ್ ಬಿಟ್ರೆ ಸೋರಿದ ಜಾಗ ಹಳದಿ ಹಸಿರಾಗಿ ಹೊಳೀತೈತೆ, ಕತ್ತಲಲ್ಲಿ ನೋಡ್ಬೇಕು.

ನೋಡುವಾಗ ಎರಡೇ ನಿಯಮ. ಒದ್ದೆ ಇರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವ್ದು, ಎಲ್ಲಕ್ಕಿಂತ ಮುಂದಿನದು ಯಾವ್ದು. ಮೇಲಿನದು ಯಾಕೆ ಅಂತ ಹೇಳೋದೇ ಬ್ಯಾಡ. ಮುಂದಿನದು ಯಾಕಂದ್ರೆ ಗಾಡಿ ಓಡುವಾಗ ಕೆಳಗಿನ ಗಾಳಿ ಆಯಿಲ್ಲನ್ನ ಹಿಂದಕ್ಕೆ ಹೊಡೀತೈತೆ, ಲೀಕೇಜ್ ಇಂಜಿನ್ ಮುಂದಿದ್ರೂ ಸೈಲೆನ್ಸರ್ ಪೈಪು, ಹಿಂದಿನ ಆಕ್ಸಲ್ ತನಕ ಎಲ್ಲಾ ಜಿಡ್ಡು ಜಿಡ್ಡು. ಹಿಂದೆ ಒದ್ದೆ ಆಗಿರೋ ಸಾಮಾನೆಲ್ಲಾ ಬಲಿಪಶು, ಕಳ್ಳ ಮುಂದೆ ಇರ್ತಾನೆ.

ಕೆಳಗೆ ಇಳಿಯೋ ಮುಂಚೆ ಒಂದು ಮಾತು, ಇದರಲ್ಲಿ ಮಾತ್ರ ನಾನು ಬಿಗಿ. ಗಾಡಿ ಜೊತೆ ಕೊಡೋ ಜಾಕ್ ಮೇಲೆ ಎತ್ತಿ ಕೆಳಗೆ ತೂರಬ್ಯಾಡ್ರಿ, ಅದು ಟೈರ್ ಬದಲಾಯಿಸೋಕೆ ಇರೋದು. ಇಟ್ಟಿಗೆ, ಸಿಮೆಂಟ್ ಬ್ರಿಕ್ಸ್ ಅಡಿಗೆ ಕೊಡೋದೂ ನೋಡೀನಿ, ಭಾರಕ್ಕೆ ಅದು ಹೇಳದೇ ಕೇಳದೇ ಒಡೆದು ಹೋಗ್ತೈತೆ. ಗಾಡಿ ಭಾರ ಹೊರೋ ಜಾಕ್ ಸ್ಟ್ಯಾಂಡ್ ಇದ್ರೆ ಸರಿ, ಇಲ್ಲಾಂದ್ರೆ ವಾಟರ್ ಸರ್ವಿಸಿಂಗ್ ಅಂಗಡಿಯ ರ‍್ಯಾಂಪೋ ಲಿಫ್ಟೋ ಐತಲ್ಲ, ತೊಳ್ಸೋಕೆ ಹೋದಾಗ ಅಲ್ಲೇ ಟಾರ್ಚ್ ಹಿಡ್ದು ನೋಡಿ ಬಿಡ್ರಿ, ಯಾರೂ ಬ್ಯಾಡ ಅನ್ನಲ್ಲ.

ಈಗಿನ ಕಾರುಗಳಲ್ಲಿ ಇಂಜಿನ್ ಕೆಳಗೆ ಪ್ಲಾಸ್ಟಿಕ್ ಗಾರ್ಡ್ ಇರ್ತೈತೆ, ಸೋರಿದ ಆಯಿಲ್ ಅದರಲ್ಲಿ ತುಂಬಿ ಗಾರ್ಡಿನ ತೂತಿಂದ ಬೀಳ್ತೈತೆ, ಆ ತೂತಿಗೂ ಲೀಕೇಜಿಗೂ ಸಂಬಂಧಾನೇ ಇರಲ್ಲ. ಗಾರ್ಡ್ ಬಿಚ್ಚದೇ ಹೇಳಿದ ತೀರ್ಪು ತೀರ್ಪೇ ಅಲ್ಲ. ಇನ್ನೊಂದು, ಮೊನ್ನೆ ಮೊನ್ನೆ ಆಯಿಲ್ ಚೇಂಜ್ ಮಾಡಿಸಿದ್ದು, ಅವತ್ತಿಂದಾನೇ ಹನಿ ಅಂದ್ರೆ ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಆಯಿಲ್ಲು ಗಾರ್ಡಲ್ಲಿ ನಿಂತು ಕೆಲವು ದಿನ ತೊಟ್ಟಿಕ್ತಿರಬೋದು, ಒರೆಸಿ ನೋಡ್ರಿ. ಒರೆಸಿದ ಮೇಲೂ ಬಂದ್ರೆ ಎರಡೇ ಕಡೆ ನೋಡೋದು. ಒಂದು ಡ್ರೈನ್ ಬೋಲ್ಟಿನ ವಾಷರ್, ತಾಮ್ರದ್ದೋ ಅಲ್ಯುಮಿನಿಯಂದೋ, ಒಂದ್ಸಲ ಬಿಗಿ ಮಾಡಿದ್ರೆ ಚಪ್ಪಟೆ ಆಗಿ ಕೂತ್ಕೊಳ್ಳೋ ವಸ್ತು, ಪ್ರತಿ ಸಲ ಹೊಸದು ಹಾಕ್ಬೇಕು, ರೇಟು ಚಾ ಬಿಲ್ಲಿಗಿಂತ ಹೆಚ್ಚೇನಿರಲ್ಲ ಆದ್ರೂ ಹಳೇದನ್ನೇ ತಿರುವಿ ಹಾಕ್ತಾರೆ, ಸೋರಿದ್ರೆ ಇನ್ನೂ ಬಿಗಿ ಮಾಡ್ತಾರೆ, ಅಲ್ಯುಮಿನಿಯಂ ಚೇಂಬರ್ ಆದ್ರೆ ಥ್ರೆಡ್ಡೇ ಕಿತ್ತು ಬರ್ತೈತೆ, ಅಲ್ಲಿಗೆ ವಾಷರಿನ ಕೆಲಸ ಚೇಂಬರ್ ಬದಲಾಯಿಸೋ ತನಕ ಹೋಯ್ತು. ಎರಡನೇದು ಫಿಲ್ಟರ್. ಹಳೇ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟ್ಕೊಂಡು ಉಳ್ಕೊಂಡು, ಅದರ ಮೇಲೆ ಹೊಸ ಫಿಲ್ಟರ್ ತಿರುವಿದ್ರೆ ಎರಡು ರಿಂಗ್ ಆಗ್ತಾವೆ, ಸ್ಟಾರ್ಟ್ ಮಾಡಿದ ಒತ್ತಡಕ್ಕೆ ಯಾವಾಗ ಬೇಕಾದ್ರೂ ಕಿತ್ಕೊಂಡು ಚೇಂಬರ್ ಖಾಲಿ ಆಗೋವರೆಗೂ ಚೆಲ್ಲಿ ಬಿಡ್ತೈತೆ. ಹೊಸ ಫಿಲ್ಟರ್ ರಿಂಗಿಗೆ ಸ್ವಲ್ಪ ಆಯಿಲ್ ಸವರಿ, ರಿಂಗು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಕು, ಪಾನಾ ಹಾಕಿ ಹಿಂಡೋ ಸಾಮಾನಲ್ಲ ಅದು.

ಸರ್ವಿಸ್ ಮಾಡಿಸಿ ಬಹಳ ದಿನ ಆಗಿದ್ರೆ ಮೇಲಿಂದ ಶುರು ಮಾಡ್ರಿ. ಟ್ಯಾಪೆಟ್ ಕವರ್ ಸುತ್ತ ಬೆರಳು ಆಡಿಸ್ರಿ, ಮುಖ್ಯವಾಗಿ ಹಿಂಭಾಗದಲ್ಲಿ, ಅಲ್ಲಿ ಕಣ್ಣಿಗೆ ಕಾಣಲ್ಲ, ಮೊಬೈಲ್ ಕ್ಯಾಮೆರಾ ಇಳಿಬಿಟ್ಟು ವಿಡಿಯೋ ಮಾಡಿದ್ರೆ ಕಾಣ್ತೈತೆ. ಇಂಜಿನ್ ಬಿಸಿಗೆ ವರ್ಷಗಟ್ಲೆ ಬೆಂದ ರಬ್ಬರ್ ಪ್ಯಾಕಿಂಗ್ ಪ್ಲಾಸ್ಟಿಕ್ ಥರ ಗಟ್ಟಿ ಆಗಿ, ಬೆರಳಲ್ಲಿ ಒತ್ತಿದ್ರೂ ಉಗುರು ಇಳಿಯಲ್ಲ, ಆಗ ಜಿನುಗೋಕೆ ಶುರು. ಆ ಆಯಿಲ್ ಸೈಲೆನ್ಸರ್ ಮ್ಯಾನಿಫೋಲ್ಡ್ ಮೇಲೆ ಬಿದ್ರೆ ಸಿಗ್ನಲ್ಲಲ್ಲಿ ನಿಂತಾಗ ಎಸಿ ಒಳಗಿಂದ ಸುಟ್ಟ ವಾಸನೆ ಬರ್ತೈತೆ. ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ಬಾವಿಯೊಳಗೆ ಆಯಿಲ್ ನಿಂತಿದ್ರೂ ಕಾರಣ ಇದೇ ಕವರಿನ ಸಣ್ಣ ರಿಂಗುಗಳು. ಇದಕ್ಕೆ ಬೋಲ್ಟ್ ಇನ್ನೂ ಬಿಗಿ ಮಾಡಿದ್ರೆ ನಿಲ್ತೈತೆ ಅಂತ ತಿರುವೋರು ಅದಾರಲ್ಲ, ಕವರ್ ಸೊಟ್ಟ ಆಗಿ ಸೋರೋದು ಇನ್ನೂ ಜಾಸ್ತಿ ಆಗ್ತೈತೆ. ಡೀಸೆಲ್ ಗಾಡಿಯೋರು ಬ್ರೇಕಿನ ವ್ಯಾಕ್ಯೂಮ್ ಪಂಪನ್ನ ಮರೀಬ್ಯಾಡ್ರಿ, ಈಗಿನವುಗಳಲ್ಲಿ ಕ್ಯಾಮ್‌ಶಾಫ್ಟಿನ ತುದಿಗೆ ಇರ್ತೈತೆ, ಹಳೇ ಬೊಲೆರೋ ಸುಮೋಗಳಲ್ಲಿ ಡೈನಮೋ ಹಿಂಬದಿಗೆ ಆಯಿಲ್ ಪೈಪಿನ ಜೊತೆ. ಕ್ಯಾಮ್‌ಶಾಫ್ಟಿನ ತುದಿ ಗೇರ್‌ಬಾಕ್ಸ್ ಕಡೆ ಇರೋದ್ರಿಂದ ಆ ಪಂಪಿನ ಓ ರಿಂಗ್ (ರಬ್ಬರ್ ಉಂಗುರ) ಜಿನುಗಿದ್ರೆ ಆಯಿಲ್ ಸೀದಾ ಗೇರ್‌ಬಾಕ್ಸ್ ಮೇಲೆ ಇಳೀತೈತೆ, ಕ್ರ್ಯಾಂಕ್ ಸೀಲಿನ ಮೇಲೆ ಸುಳ್ಳು ಕೇಸ್ ಬೀಳೋಕೆ ಇದಕ್ಕಿಂತ ದೊಡ್ಡ ಕಾರಣ ಬ್ಯಾಡ.

ನಡುವಲ್ಲಿ ಒಂದು ಸಣ್ಣ ಸಾಮಾನು ಐತೆ, ಆಯಿಲ್ ಪ್ರೆಶರ್ ಸ್ವಿಚ್ಚು, ಹೆಬ್ಬೆರಳು ಗಾತ್ರ, ಒಂದು ವೈರ್ ಹೋಗಿರ್ತೈತೆ. ಅದರ ಸಾಕೆಟ್ ಕಿತ್ತು ಒಳಗೆ ನೋಡ್ರಿ. ಸಾಕೆಟ್ ಒಳಗಿನ ಪಿನ್ನಿಗೆ ಆಯಿಲ್ ಹತ್ತಿದ್ರೆ ಸ್ವಿಚ್ಚು ಒಳಗಿಂದಾನೇ ಒಡೆದೈತೆ ಅಂತ, ಬೇರೆ ಪುರಾವೆ ಬೇಕಿಲ್ಲ. ಸ್ವಿಚ್ ಅಗ್ಗ, ಹತ್ತು ನಿಮಿಷದ ಕೆಲಸ, ಆದ್ರೆ ಒತ್ತಡದ ದಾರಿಯಲ್ಲಿ ಇರೋದ್ರಿಂದ ಸೋರೋಕೆ ಶುರು ಆದ್ರೆ ಇಡೀ ಬ್ಲಾಕನ್ನೇ ನೆನೆಸಿ ಬಿಡ್ತೈತೆ, ನೋಡಿದೋರು ಇಂಜಿನ್ ಕಥೆ ಮುಗೀತು ಅನ್ಕೋಬೇಕು ಹಂಗೆ.

ಬೆಲ್ಟ್ ಇರೋ ಕಡೆ ಕ್ರ್ಯಾಂಕ್ ಪುಲ್ಲಿ ಹಿಂದೆ ಮುಂದಿನ ಸೀಲ್ ಇರ್ತೈತೆ, ಅದು ಹೋದ್ರೆ ತಿರುಗೋ ಪುಲ್ಲಿ ಆಯಿಲ್ಲನ್ನ ಸುತ್ತ ಎರಚ್ತೈತೆ, ಪಕ್ಕದಲ್ಲಿ ವೃತ್ತಾಕಾರಕ್ಕೆ ಚುಕ್ಕಿ ಚುಕ್ಕಿ ಬಿದ್ದಿರ್ತೈತೆ, ಬೆಲ್ಟೂ ಒದ್ದೆ. ಬೆಲ್ಟಿಗೆ ಆಯಿಲ್ ಹತ್ತಿದ್ರೆ ಬೆಲ್ಟ್ ಆಯಸ್ಸು ಮುಗೀತು ಅಂತ್ಲೇ ಲೆಕ್ಕ. ಚೇಂಬರಿಗೆ ಬಂದ್ರೆ ನಮ್ಮ ಹಳ್ಳಿ ರೋಡಿನ ಹಂಪ್ಸು, ಕಲ್ಲು ಹೊಡೆದ ಗುರುತು ನೋಡ್ಬೇಕು, ಡೆಂಟ್ ಬಿದ್ದ ಜಾಗದ ಹತ್ರ ಸೀಳು ಬಿಟ್ಟಿರ್ತೈತೆ ಇಲ್ಲಾ ಪ್ಯಾಕಿಂಗ್ ಅಂಚು ಎದ್ದಿರ್ತೈತೆ. ಎಂ-ಸೀಲ್ ಮೆತ್ತಿ ಕಳಿಸೋದು ಊರು ಮುಟ್ಟೋಕೆ ಸರಿ, ಜಿಡ್ಡು ಇರೋ ಲೋಹಕ್ಕೆ ಅದು ಬಹಳ ದಿನ ಹಿಡ್ಕೊಳ್ಳಲ್ಲ. ಚೇಂಬರ್ ಬಿಚ್ಚಿ ಸಿಲಿಕಾನ್ ಪೇಸ್ಟ್ ಹಚ್ಚಿದ್ರೆ ತೆಳ್ಳಗೆ ಹಚ್ಚೋಕೆ ಹೇಳ್ರಿ, ಹೆಚ್ಚಾಗಿದ್ದು ಒಳಗೆ ಉದುರಿ ಪಂಪಿನ ಜಾಲರಿಗೆ ಸಿಕ್ಕಿ ಹಾಕ್ಕೊಂಡ್ರೆ ಸೋರೋದು ನಿಂತು ಇಂಜಿನ್ನೇ ಹೋಗ್ತೈತೆ, ಹಚ್ಚಿದ ಮೇಲೂ ಅದು ಗಟ್ಟಿ ಆಗೋಕೆ ಡಬ್ಬಿ ಮೇಲೆ ಬರೆದಷ್ಟು ಟೈಮ್ ಕೊಡ್ಬೇಕು, ಗಿರಾಕಿ ಅರ್ಜೆಂಟ್ ಮಾಡ್ತಾನೆ ಅಂತ ತಕ್ಷಣ ಆಯಿಲ್ ಸುರಿದ್ರೆ ಮಾಡಿದ್ದೆಲ್ಲಾ ದಂಡ.

ಗೇರ್‌ಬಾಕ್ಸ್ ಪಕ್ಕ, ಚಕ್ರ ತಿರುಗಿಸೋ ಡ್ರೈವ್ ಶಾಫ್ಟ್ ಒಳಗೆ ಹೋಗೋ ಜಾಗದಲ್ಲಿ ಒದ್ದೆ ಇದ್ರೆ ಅದು ಗೇರ್ ಆಯಿಲ್ ಇರಬೋದು, ಮೂಸಿದ್ರೆ ಗೊತ್ತಾಗ್ತೈತೆ. ಇಲ್ಲಿ ನಮ್ಮ ಸೀಮೆಗೇ ವಿಶೇಷ ಅನ್ನಬೋದಾದ ಒಂದು ಕಾಟ ಐತೆ. ಸುಗ್ಗಿ ಟೈಮಲ್ಲಿ ಕೊಪ್ಪಳ, ಕುಷ್ಟಗಿ, ಮಾನ್ವಿ ಕಡೆ ರೋಡ್ ಮೇಲೇ ಸಜ್ಜೆ, ತೊಗರಿ, ಕಡ್ಲೆ ಹಾಸಿ ಒಕ್ಕಣೆ ಮಾಡ್ತಾರಲ್ಲ, ಅದರ ಮೇಲೆ ಹಾಯ್ಸಿದ್ರೆ ದಂಟು ಸೊಪ್ಪೆ ಎಲ್ಲಾ ಡ್ರೈವ್ ಶಾಫ್ಟಿಗೆ ಹಗ್ಗದಂಗೆ ಸುತ್ಕೊಂಡು ಸೀದಾ ಸೀಲಿನ ಬಾಯಿಗೆ ಹೋಗಿ ತುರುಕ್ಕೊಳ್ತೈತೆ, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ ಸಿಕ್ಕಿದ್ರಂತೂ ಸೀಲಿನ ತುಟಿನೇ ಕೊಯ್ದು ಹಾಕ್ತೈತೆ. ಹಂಗೆ ಹಾಯ್ದು ಬಂದ್ರೆ ಗಾಡಿ ನಿಲ್ಸಿ ಬಗ್ಗಿ ನೋಡಿ ಕಿತ್ತು ಹಾಕ್ರಿ. ಇದು ಬರೀ ಸೀಲಿನ ಪ್ರಶ್ನೆ ಅಲ್ಲ, ಸುಡೋ ಸೈಲೆನ್ಸರಿಗೆ ಒಣ ಹೊಟ್ಟು ಸಿಕ್ಕಿ ಹಾಕ್ಕೊಂಡು ಗಾಡಿಗೆ ಬೆಂಕಿ ಹತ್ತೋದೂ ಉಂಟು, ಅದರ ಜೊತೆ ಆಯಿಲ್ ಬೇರೆ ಸೋರ್ತಿದ್ರೆ ಕೇಳೋದೇ ಬ್ಯಾಡ. ಚಕ್ರದ ಒಳಮಗ್ಗುಲಿಗೆ ದಪ್ಪ ಕರಿ ಗ್ರೀಸ್ ಎರಚಿದ್ರೆ ಅದು ಆಯಿಲ್ ಅಲ್ಲ, ಶಾಫ್ಟಿನ ರಬ್ಬರ್ ಬೂಟ್ ಹರಿದೈತೆ, ಅದನ್ನ ಬೇಗ ಬದಲಾಯಿಸ್ರಿ, ನಮ್ಮ ಧೂಳು ಒಳಗೆ ಹೊಕ್ರೆ ಜಾಯಿಂಟು ಬಹಳ ದಿನ ಬಾಳಲ್ಲ.

ಇಷ್ಟೆಲ್ಲಾ ನೋಡಿ ಮೇಲೆ ಎಲ್ಲೂ ಒದ್ದೆ ಇಲ್ಲ, ಇಂಜಿನ್ನು ಗೇರ್‌ಬಾಕ್ಸ್ ಕೂಡೋ ಜಾಗದ ಕೆಳಗಿನ ತೂತಿಂದ ಮಾತ್ರ ಇಂಜಿನ್ ಆಯಿಲ್ ಬರ್ತೈತೆ ಅಂದ್ರೆ ಆಗ ಒಪ್ಕೊಳ್ರಿ, ಕ್ರ್ಯಾಂಕಿನ ಹಿಂದಿನ ಸೀಲು. ಸೀಲಿನ ಬೆಲೆ ಕಮ್ಮಿ, ಗೇರ್‌ಬಾಕ್ಸ್ ಇಳಿಸೋ ಕೂಲಿನೇ ಜಾಸ್ತಿ. ಹಂಗಾಗಿ ಕ್ಲಚ್ ಪ್ಲೇಟ್ ಅರ್ಧಕ್ಕಿಂತ ಜಾಸ್ತಿ ಸವೆದಿದ್ರೆ, ಅಥವಾ ಆಯಿಲ್ ಬಿದ್ದು ಕ್ಲಚ್ ಸ್ಲಿಪ್ ಆಗ್ತಿದ್ರೆ ಅದನ್ನೂ ಅದೇ ಸಲಕ್ಕೆ ಮುಗಿಸಿ ಬಿಡ್ರಿ, ಆರು ತಿಂಗಳಿಗೆ ಮತ್ತೆ ಅದೇ ಕೂಲಿ ಕೊಡೋದು ತಪ್ತೈತೆ. ಡಿಪ್‌ಸ್ಟಿಕ್ಕಲ್ಲಿ ತಿಂಗಳಿಗೆ ಗೊತ್ತಾಗದಷ್ಟು ಜಿನುಗಿದ್ರೆ ಕ್ಲಚ್ ಕೆಲಸ ಬರೋವರೆಗೂ ಮಟ್ಟ ನೋಡ್ಕೊಂಡು ಓಡಿಸೋದೂ ತಪ್ಪಲ್ಲ, ಅದು ನನ್ನ ಅಭಿಪ್ರಾಯ, ಒಪ್ಪದೇ ಇರೋರೂ ಅದಾರೆ.

ಆದ್ರೆ ಸೀಲ್ ಯಾಕೆ ಹೋಯ್ತು ಅಂತ ಕೇಳದೇ ಸೀಲ್ ಹಾಕಿಸ್ಬ್ಯಾಡ್ರಿ. ಹಾಕಿದ ಸೀಲ್ ಮತ್ತೆ ಮತ್ತೆ ಹೋಗ್ತೈತೆ, ಅಥವಾ ಒಂದೇ ಸಲಕ್ಕೆ ನಾಲ್ಕು ಕಡೆ ಜಿನುಗ್ತೈತೆ ಅಂದ್ರೆ ತಪ್ಪು ಸೀಲುಗಳದ್ದಲ್ಲ, ಒಳಗಿನ ಒತ್ತಡದ್ದು. ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಯಾವಾಗ್ಲೂ ಕೆಳಗೆ ಇಳೀತೈತೆ, ಅದು ಹೊರಗೆ ಹೋಗೋಕೆ ಅಂತ್ಲೇ ಬ್ರೀದರ್ ಪೈಪು, ಅದರಲ್ಲಿ ಪಿಸಿವಿ ವಾಲ್ವ್ ಅಂತ ಇರ್ತೈತೆ. ಅದು ಗಸಿ ತುಂಬಿ ಕಟ್ಕೊಂಡ್ರೆ ಗ್ಯಾಸು ದಾರಿ ಹುಡುಕ್ತಾ ಎಲ್ಲಿ ಸೀಲ್ ಮೆತ್ತಗಿದ್ಯೋ ಅಲ್ಲಿಂದ ಆಯಿಲ್ಲನ್ನ ಹೊರಗೆ ದಬ್ತೈತೆ. ಇಂಜಿನ್ ಆನ್ ಇದ್ದಾಗ ಆಯಿಲ್ ಹಾಕೋ ಮುಚ್ಚಳ ಸಡಿಲ ಮಾಡಿ ಬಾಯಿ ಮೇಲೆ ಹಂಗೇ ಇಡ್ರಿ. ಸ್ವಲ್ಪ ಅಲುಗಾಡಿದ್ರೆ, ಡೀಸೆಲ್ಲಲ್ಲಿ ಸಣ್ಣಗೆ ಹಬೆ ಬಂದ್ರೆ ಪರವಾಗಿಲ್ಲ. ಮುಚ್ಚಳ ಕುಣಿದು ಕೆಳಗೆ ಬೀಳಂಗಿದ್ರೆ, ಹೊಗೆ ದಬದಬ ಬಂದ್ರೆ ಒಂದೋ ಬ್ರೀದರ್ ಕಟ್ಟೈತೆ, ಇಲ್ಲಾ ಪಿಸ್ಟನ್ ರಿಂಗ್ ಸವೆದಾವೆ. ಬ್ರೀದರ್ ತೊಳೆಸೋದು ಪುಕ್ಕಟೆ ಕೆಲಸ ಇದ್ದಂಗೆ, ಮೊದ್ಲು ಅದನ್ನ ಮಾಡ್ಸಿ. ರಿಂಗ್ ಸವೆಯೋದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಏರ್ ಫಿಲ್ಟರ್, ಅದಿರು ಲಾರಿ ಹಿಂದೆ ದಿನಾ ಓಡೋ ಗಾಡಿಗೆ ಬುಕ್ಕಲ್ಲಿ ಬರೆದ ಕಿಲೋಮೀಟರ್ ತನಕ ಫಿಲ್ಟರ್ ಕಾಯೋಕೆ ಆಗಲ್ಲ, ಅದಕ್ಕಿಂತ ಮುಂಚೆನೇ ತೆಗೀಬೇಕು, ಫಿಲ್ಟರ್ ಪಕ್ಕದ ಸಂದಿಯಿಂದ ಹೊಕ್ಕ ಧೂಳು ಸಿಲಿಂಡರನ್ನ ಉಪ್ಪುಕಾಗದದಂಗೆ ತಿಕ್ಕಿ ಹಾಕ್ತೈತೆ. ಆಯಿಲ್ ಮೇಲಿನ ಗುರುತು ದಾಟಿ ತುಂಬ್ಸೋದೂ ತಪ್ಪೇ, ಸೋರ್ತೈತಲ್ಲ ಅಂತ ಅರ್ಧ ಲೀಟರ್ ಜಾಸ್ತಿ ಹಾಕಿಸೋರ ಗಾಡಿ ಅದೇ ಕಾರಣಕ್ಕೆ ಇನ್ನೂ ಸೋರ್ತಿರ್ತೈತೆ.

ಅಂಗಡಿಯಲ್ಲಿ ಲೀಕ್ ನಿಲ್ಲಿಸೋ ಬಾಟಲಿ ಸಿಗ್ತಾವೆ, ಆಯಿಲ್ಲಿಗೆ ಸುರಿದ್ರೆ ಗಟ್ಟಿಯಾದ ರಬ್ಬರನ್ನ ಸ್ವಲ್ಪ ಉಬ್ಬಿಸಿ ಮೆತ್ತಗೆ ಮಾಡ್ತಾವೆ. ಸಣ್ಣ ಜಿನುಗಿಗೆ ಕೆಲವು ತಿಂಗಳು ತಡೀಬೋದು, ಹರಿದ ಸೀಲಿಗೆ, ಒಡೆದ ಚೇಂಬರಿಗೆ ಏನೂ ಆಗಲ್ಲ. ಮಾರೋಕೆ ಇಟ್ಟ ಗಾಡಿಗೆ ಜನ ಇದನ್ನೇ ಹಾಕ್ತಾರೆ, ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಇಂಜಿನ್ ತಳ ವಿಪರೀತ ತೊಳೆದು ಫಳಫಳ ಅಂತಿದ್ರೆ ಖುಷಿ ಪಡ್ಬ್ಯಾಡ್ರಿ, ಒಂದು ಲಾಂಗ್ ಡ್ರೈವ್ ಕೇಳಿ ವಾಪಸ್ ಬಂದು ಬಗ್ಗಿ ನೋಡ್ರಿ.

ಗ್ಯಾರೇಜಿಗೆ ಹೋದಾಗ "ಆಯಿಲ್ ಸೋರ್ತೈತೆ ನೋಡಣ್ಣ" ಅಂತಷ್ಟೇ ಹೇಳಿ ಗಾಡಿ ಬಿಟ್ಟು ಬರಬ್ಯಾಡ್ರಿ. ಯಾವ ಆಯಿಲ್ಲು, ಓಡುವಾಗ್ಲೋ ನಿಂತಾಗ್ಲೋ, ಎಷ್ಟು ಕಿಲೋಮೀಟರಿಗೆ ಎಷ್ಟು ಇಳೀತು, ತೊಳೆದು ಪೌಡರ್ ಹಾಕಿದಾಗ ಮೊದ್ಲು ಎಲ್ಲಿ ಒದ್ದೆ ಆಯ್ತು, ಫೋಟೋ ಸಮೇತ ತೋರಿಸ್ರಿ. ಕೆಲಸ ಮುಗಿದ ಮೇಲೆ ಬಿಚ್ಚಿದ ಹಳೇ ಸೀಲು ಪ್ಯಾಕಿಂಗ್ ಕೇಳಿ ಇಸ್ಕೊಳ್ರಿ, ಸೋರಿದ ಜಾಗದ ಸುತ್ತ ಪೂರ್ತಿ ಒರೆಸಿ ಕೊಡೋಕೆ ಹೇಳ್ರಿ, ಹಳೇ ಜಿಡ್ಡು ಉಳಿದಿದ್ರೆ ಅದೇ ಇಳಿದು ಬಂದು ಕೆಲಸ ಆಗಿಲ್ಲ ಅನ್ನಿಸ್ತೈತೆ. ಇನ್ನೂರು ಮುನ್ನೂರು ಕಿಮೀ ಓಡಿಸಿ ಇನ್ನೊಂದ್ಸಲ ಟಾರ್ಚ್ ಬಿಟ್ಟು ನೋಡಿ, ಡಿಪ್‌ಸ್ಟಿಕ್ ಮಟ್ಟ ಹಳೇ ಫೋಟೋ ಜೊತೆ ಹೋಲಿಸಿ ನೋಡ್ಕೊಳ್ರಿ, ಗ್ಯಾರೇಜಿನ ಬಿಲ್ಲು ಅಲ್ಲೀವರೆಗೂ ಡ್ಯಾಶ್‌ಬೋರ್ಡಲ್ಲೇ ಇರ್ಲಿ.